ಪ್ರತಿಕ್ರಿಯೆ: ಸ್ಟೀರಿಯೋಗೆ ಇಳಿಸಿದಾಗ ದನಿ ಒಡೆಯುವುದು
ಹಾಡು, ಹಾರ್ಮೋನಿಯಂ, ತಬಲಾ, ತಂಬೂರಿ ಬಿಡಿಬಿಡಿಯಾಗಿ ಕೇಳಿದರೆ ಚೆನ್ನಾಗಿವೆ, ಆಡಾಸಿಟಿಯಲ್ಲಿ (ದನಿ ಸಂಪಾದಿಸುವ ತಂತ್ರಾಂಶ) ನಾಲ್ಕನ್ನೂ ಸೇರಿಸಿ ಸ್ಟೀರಿಯೋಗೆ (ಎಡ-ಬಲ ಎರಡು ಚಾನೆಲ್‌ಗೆ) ಇಳಿಸಿದರೆ ಮಾತ್ರ ದನಿ ಒಡೆಯುತ್ತದೆ ಅಂದಿದ್ದೀರಿ. ಗಾಬರಿ ಬೇಡ, ರೆಕಾರ್ಡಿಂಗ್ ಕೆಟ್ಟಿಲ್ಲ. ನಾಲ್ಕರ ಮಟ್ಟವೂ ಕೂಡಿಕೊಂಡು 0 ಡಿಬಿ (ಡೆಸಿಬೆಲ್; ದನಿ ಒಡೆಯದೆ ಇರಬಹುದಾದ ಗರಿಷ್ಠ ಮಟ್ಟ) ದಾಟುತ್ತಿದೆ, ಅಷ್ಟೇ. ಪ್ರತಿ ಟ್ರ್ಯಾಕ್‌ನ ಗೇನ್ (ದನಿಯ ಮಟ್ಟ) 6 ಡಿಬಿ ಇಳಿಸಿ ಕೇಳಿ. ತಬಲಾದ ಜೋರು ಹೊಡೆತದಲ್ಲೂ ಮೀಟರ್ -3ರ ಆಸುಪಾಸಿನಲ್ಲೇ ನಿಲ್ಲಬೇಕು.

ಹಾಡು ನಡುವೆಯೇ ಇರಲಿ. ತಬಲಾ ಎಡಕ್ಕೆ, ಹಾರ್ಮೋನಿಯಂ ಬಲಕ್ಕೆ ಶೇ. 20-30 ಸರಿಸಿದರೆ ಸಾಕು. ಪೂರ್ತಿ ಸರಿಸಿದರೆ ಹೆಡ್‌ಫೋನಿನಲ್ಲಿ ಕೇಳುವುದೇ ಹಿಂಸೆ. ತಂಬೂರಿ ಕೇಳಿಯೂ ಕೇಳದಷ್ಟಿರಲಿ.

ಕೊನೆಗೆ ‘ಮಿಕ್ಸ್ ಅಂಡ್ ರೆಂಡರ್ ಟು ನ್ಯೂ ಟ್ರ್ಯಾಕ್’ (ಎಲ್ಲವನ್ನೂ ಸೇರಿಸಿ ಹೊಸ ಟ್ರ್ಯಾಕ್ ಮಾಡುವ ಆಯ್ಕೆ) ಕೊಡಿ, ಮೂಲ ಟ್ರ್ಯಾಕ್‌ಗಳು ಹಾಗೇ ಉಳಿಯುತ್ತವೆ. ಆದರೆ ಎಕ್ಸ್‌ಪೋರ್ಟ್‌ಗೆ ಮುಂಚೆ ಅವನ್ನು ಮ್ಯೂಟ್ ಮಾಡಿ, ಇಲ್ಲದಿದ್ದರೆ ಎಲ್ಲವೂ ಎರಡೆರಡು ಸಲ ಸೇರಿ ಮತ್ತೆ ಒಡೆಯುತ್ತದೆ. ಎಂಪಿ3 ಆಮೇಲೆ, ಮೊದಲು ವೇವ್ (WAV, ಗುಣಮಟ್ಟ ಕುಂದದ ಫೈಲ್) ತೆಗೆದಿಡಿ.