ಶಾಲೆಯಲ್ಲಿ ದೊಡ್ಡ ಹುಡುಗರು ಮಗನಿಗೆ ಹೊಡೆಯುತ್ತಾರೆ, ಏನು ಕಲಿಸಲಿ?

ಬಾಗಲಕೋಟೆಯ ನವನಗರದಲ್ಲಿ ಐದನೇ ಕ್ಲಾಸ್ ಓದುವ ಮಗನಿಗೆ ‘ತಿರುಗಿ ಹೊಡಿ’ ಅನ್ನಲೇ ಎಂದು ಕೇಳಿದ್ದೀರಿ. ಬೇಡ. ಎದುರಿಗೆ ಇಬ್ಬರು ಮೂವರಿದ್ದರೆ ಪೆಟ್ಟು ಇನ್ನೂ ಜಾಸ್ತಿ ಬೀಳುತ್ತದೆ.

ಒಂದು ಹೆಜ್ಜೆ ಹಿಂದೆ ಸರಿದು, ಎರಡೂ ಕೈ ಎದೆಯ ಮುಂದೆ ತಂದು, ‘ಏ, ಬಿಡೋ! ದೂರ ಸರಿ!’ ಎಂದು ಜೋರಾಗಿ ಕೂಗಲಿ. ಸುತ್ತಲಿನವರು ತಿರುಗಿ ನೋಡುತ್ತಾರೆ. ಕೂಡಲೇ ಟೀಚರ್ ಇರುವ ಕಡೆ ಓಡಲಿ. ಅದು ಹೇಡಿತನ ಅಲ್ಲವೇ ಅಲ್ಲ. ಇದನ್ನು ಮನೆಯಲ್ಲಿ ನೀವೇ ತಳ್ಳುವವರಾಗಿ ನಿಂತು ಅಭ್ಯಾಸ ಮಾಡಿಸಿ. ಸುಮ್ನೆ ಬಾಯಿಮಾತಲ್ಲಿ ಹೇಳಿದ್ದು ಹೆದರಿಕೆಯಲ್ಲಿ ಮರೆತುಹೋಗುತ್ತದೆ. ಹಿಡಿದುಕೊಂಡು ಬಿಡದಿದ್ದರೆ ಬಲ ಹಾಕಿ ಬಿಡಿಸಿಕೊಳ್ಳಲಿ, ತಪ್ಪಿಲ್ಲ.

ಎಲ್ಲ ಹೊರೆ ಮಗುವಿನ ಮೇಲೇ ಬೇಡ. ಗಾಯದ ಫೋಟೊ, ತಾರೀಖು ಸಮೇತ ಹೆಡ್‌ಮಾಸ್ತರರಿಗೆ ಬರೆದು ಕೊಡಿ. ಆಗಲೂ ನಿಲ್ಲದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ.