ಉಡುಪಿಯಲ್ಲಿದ್ದುಕೊಂಡು ಸೆಕೆಂಡ್ ಹ್ಯಾಂಡ್ ಪೋರ್ಷೆ 911 ಸಾಲ ಮಾಡಿ ತಗೊಳ್ಳಬಹುದಾ? ಸಾಕಲು ಎಷ್ಟು ಖರ್ಚು?

ನೀವು ಕೇಳಿದ್ದು ಇಷ್ಟು: ದೆಹಲಿಯಲ್ಲಿ 2014ರ ಪೋರ್ಷೆ 911 ಒಂದು 80 ಲಕ್ಷಕ್ಕೆ ಇದೆ. ನಿಮ್ಮ ಕೈಯಲ್ಲಿ 20 ಲಕ್ಷ ಇದೆ, ಉಳಿದ 60 ಲಕ್ಷಕ್ಕೆ ಲೋನ್ ಮಾಡುವ ಯೋಚನೆ. ಅದೇ ದುಡ್ಡಿಗೆ ಹಳೆಯ ಲ್ಯಾಂಬೋರ್ಗಿನಿ ಗಲ್ಲಾರ್ಡೋ ಕೂಡ ನೋಡಿದ್ದೀರಿ. ಉಡುಪಿಯಲ್ಲಿಟ್ಟುಕೊಂಡು ಸಾಕಬಹುದಾ ಅಂತ ಪ್ರಶ್ನೆ.

ನಾನು ಮಂಗಳೂರಿನಲ್ಲಿ 2013ರ ಪೋರ್ಷೆ ಕೇಮನ್ ಇಟ್ಟುಕೊಂಡಿದ್ದೇನೆ, ಅದೂ ಸೆಕೆಂಡ್ ಹ್ಯಾಂಡ್. ಆ ಕಾರು ಅಂದರೆ ನನಗೆ ತುಂಬಾ ಇಷ್ಟ. ಹಾಗಾಗಿ ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಆದರೆ ಒಂದು ವಿಷಯ ಮೊದಲೇ ತಲೆಯಲ್ಲಿ ಇರಲಿ. ಹೊಸದಾಗಿದ್ದಾಗ ಕೋಟಿ ದಾಟಿದ್ದ ಕಾರು ಈಗ 80 ಲಕ್ಷಕ್ಕೆ ಸಿಗುತ್ತದೆ, ಸರಿ. ಅದರ ಬಿಡಿಭಾಗ, ಟೈರ್, ಕೆಲಸದ ಮಜೂರಿ ಯಾವುದೂ ಇಳಿದಿಲ್ಲ. ಕಾರು ಹಳೆಯದಾದಷ್ಟೂ ರಿಪೇರಿ ಜಾಸ್ತಿ ಕೇಳುತ್ತದೆ, ಆ ರಿಪೇರಿಯ ಬಿಲ್ ಮಾತ್ರ ಹೊಸ ಕಾರಿನ ಲೆಕ್ಕದಲ್ಲೇ ಬರುತ್ತದೆ. ನಿಮ್ಮ 20 ಲಕ್ಷವನ್ನು ಪೂರ್ತಿ ಮುಂಗಡಕ್ಕೆ ಕೊಟ್ಟರೆ ಆ ಬಿಲ್ ಕಟ್ಟಲು ಏನೂ ಉಳಿಯುವುದಿಲ್ಲ. ನನಗೆ ಕಾಣುವ ದೊಡ್ಡ ತೊಂದರೆ ಅದೇ.

ಮೊದಲು ಸಾಲದ ಮಾತು. ಹಳೆಯ ಕಾರಿನ ಸಾಲ ಕೊಡುವಾಗ ಅನೇಕ ಬ್ಯಾಂಕುಗಳು ಕಾರಿನ ವಯಸ್ಸು ನೋಡುತ್ತವೆ. ಸಾಲ ಮುಗಿಯುವ ಹೊತ್ತಿಗೆ ಕಾರಿಗೆ 10 ವರ್ಷ ದಾಟಬಾರದು ಅನ್ನುವುದು ಸಾಮಾನ್ಯ ನಿಯಮ. ನಿಮ್ಮ 911 ಈಗಾಗಲೇ ಆ ಗೆರೆ ದಾಟಿದೆ. ಹಾಗಾಗಿ ಸಾಮಾನ್ಯ ಕಾರ್ ಲೋನ್ ಸಿಗುವುದು ಕಷ್ಟ. ಉಳಿಯುವುದು ಫೈನಾನ್ಸ್ ಕಂಪನಿಗಳು, ಅಲ್ಲಿ ಬಡ್ಡಿ ಜಾಸ್ತಿ. ಅವರು "ಬರೀ 8 ಪರ್ಸೆಂಟ್" ಅಂದರೆ ಅದು ಫ್ಲಾಟ್ ರೇಟಾ (ಕೊನೆಯವರೆಗೂ ಪೂರ್ತಿ ಸಾಲದ ಮೇಲೆ ಬಡ್ಡಿ), ಉಳಿದ ಅಸಲಿನ ಮೇಲಿನ ಬಡ್ಡಿಯಾ ಅಂತ ಕೇಳಿ. 60 ಲಕ್ಷಕ್ಕೆ ಫ್ಲಾಟ್ 8ರಂತೆ 5 ವರ್ಷಕ್ಕೆ ಬಡ್ಡಿಯೇ 24 ಲಕ್ಷ. ಕಂತು ತಿಂಗಳಿಗೆ 1.40 ಲಕ್ಷ. ಬ್ಯಾಂಕಿನ ಲೆಕ್ಕಕ್ಕೆ ತಿರುಗಿಸಿದರೆ ಅದು 14 ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿಯೇ ಆಯಿತು. ಮಧ್ಯದಲ್ಲಿ ಸಾಲ ತೀರಿಸಿದರೆ ದಂಡ ಎಷ್ಟು ಅನ್ನುವುದನ್ನೂ ಬರೆಸಿಕೊಳ್ಳಿ.

ನಮ್ಮ ಊರಲ್ಲಿ ಇನ್ನೊಂದು ದಾರಿ ಹೇಳುವವರು ಇದ್ದಾರೆ. ಮನೆ ಪತ್ರ ಇಟ್ಟು ಸಾಲ ತೆಗಿ, ಬಡ್ಡಿ ಕಡಿಮೆ, ವರ್ಷವೂ ಜಾಸ್ತಿ ಸಿಗುತ್ತದೆ ಅಂತ. ದಯವಿಟ್ಟು ಇದನ್ನು ಮಾಡಬೇಡಿ. ಕಾರಿನ ಬೆಲೆ ಇಳಿಯುತ್ತಾ ಹೋಗುತ್ತದೆ, ಗೇರ್‌ಬಾಕ್ಸ್ ಒಂದು ಹೋದರೆ ಅದನ್ನು ಮಾರಲೂ ಆಗುವುದಿಲ್ಲ. ಅಂಥ ವಸ್ತುವಿಗೆ ಅಪ್ಪ ಅಮ್ಮ ಇರುವ ಮನೆಯನ್ನು ಹತ್ತು ಹದಿನೈದು ವರ್ಷ ಕಟ್ಟಿಹಾಕುವುದು ಸರಿಯಲ್ಲ. ಚಿನ್ನ ಇಡುವುದೂ ಹಾಗೆಯೇ.

ಇನ್ನು ಆರ್‌ಟಿಓ. ದೆಹಲಿ ಕಾರುಗಳು ಅಗ್ಗ ಯಾಕೆ ಅಂದರೆ ಅಲ್ಲಿ ವಾಹನದ ವಯಸ್ಸಿನ ಮಿತಿಯ ಭಯ ಇದೆ, ಮಾರುವವರಿಗೆ ಅವಸರ ಇರುತ್ತದೆ. ಆದರೆ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕೆಎ-20 ನಂಬರ್ ಮಾಡಿಸಲೇಬೇಕು, ಕರ್ನಾಟಕದ ಲೈಫ್ ಟೈಮ್ ಟ್ಯಾಕ್ಸ್ ಕಟ್ಟಲೇಬೇಕು. 20 ಲಕ್ಷ ಮೇಲಿನ ಹೊಸ ಕಾರಿಗೆ ಇಲ್ಲಿ 18 ಪರ್ಸೆಂಟ್, ಅದರ ಮೇಲೆ ಸೆಸ್. ಹಳೆಯ ಕಾರಿಗೆ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ ನಿಜ. ಆದರೆ ಲೆಕ್ಕ ಶುರುವಾಗುವುದು ಅದರ ಮೂಲ ಇನ್‌ವಾಯ್ಸ್ ಬೆಲೆಯಿಂದ, ನೀವು ಕೊಟ್ಟ 80 ಲಕ್ಷದಿಂದ ಅಲ್ಲ. ಕಾರಿನ ಮೂಲ ಬಿಲ್ ಹಿಡಿದು ಮಣಿಪಾಲದ ಆರ್‌ಟಿಓ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಬೇರೆ ರಾಜ್ಯದ ನಂಬರಿನಲ್ಲೇ ಓಡಿಸುತ್ತೇನೆ ಅನ್ನುವ ಯೋಚನೆ ಬೇಡ. 2025ರಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಫೆರಾರಿ ಒಂದಕ್ಕೆ 1.4 ಕೋಟಿ ರೂಪಾಯಿಗಿಂತ ಜಾಸ್ತಿ ಟ್ಯಾಕ್ಸ್ ಕಟ್ಟಿಸಿದ್ದಾರೆ. ದೆಹಲಿಯ ಎನ್‌ಓಸಿ (ಅಲ್ಲಿನ ಆರ್‌ಟಿಓ ಕೊಡುವ ನಿರಾಕ್ಷೇಪಣಾ ಪತ್ರ) ಅಂದರೆ ಫಾರ್ಮ್ 28, ಹಿಂದಿನ ಮಾಲೀಕರ ಸಾಲ ತೀರಿದ್ದರೆ ಫಾರ್ಮ್ 35, ಇವೆರಡೂ ಕೈಗೆ ಬರುವವರೆಗೆ ಪೂರ್ತಿ ದುಡ್ಡು ಕೊಡಬೇಡಿ.

(ದುಬೈಯಿಂದ ತರಿಸು ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅಲ್ಲಿನ ಕಾರುಗಳ ಸ್ಟೇರಿಂಗ್ ಎಡಗಡೆ. ನಮ್ಮ ಆಮದು ನಿಯಮದಲ್ಲಿ ಬಲಗಡೆ ಸ್ಟೇರಿಂಗ್ ಇರಬೇಕು, ಹಳೆಯ ಕಾರಾದರೆ 3 ವರ್ಷ ಮೀರಿರಬಾರದು. ಅಲ್ಲಿಗೆ ಆ ಮಾತು ಮುಗಿಯಿತು.)

ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಭಾಗ ದೊಡ್ಡದಲ್ಲ. ಪೆಟ್ಟು ಬೀಳುವುದು ಸ್ವಂತ ಹಾನಿಯ ಭಾಗದಲ್ಲಿ. ಇಷ್ಟು ಹಳೆಯ ಕಾರಿಗೆ ಝೀರೋ ಡೆಪ್ (ಸವೆತದ ಹೆಸರಿನಲ್ಲಿ ಬೆಲೆ ಕಡಿತ ಮಾಡದ ಕವರ್) ಕೊಡುವ ಕಂಪನಿ ಸಿಗುವುದೇ ಅಪರೂಪ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ನೀವೇ ಕಟ್ಟಬೇಕು. 911ರ ಬಂಪರ್ ಪ್ಲಾಸ್ಟಿಕ್ಕೇ ಅಲ್ವಾ? ಇನ್ನು ಎಂಜಿನ್ ಪ್ರೊಟೆಕ್ಟ್ ಕವರ್. ಅದು ಸಿಕ್ಕರೆ ಬಿಡಲೇಬೇಡಿ. ಜೂನ್ ಜುಲೈಯಲ್ಲಿ ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲ್ ಕಡೆ ನೀರು ನಿಲ್ಲುವುದು ನಿಮಗೂ ಗೊತ್ತು. ಎಂಜಿನ್ ಒಳಗೆ ನೀರು ಹೋಗಿ ಕನೆಕ್ಟಿಂಗ್ ರಾಡ್ ಬಗ್ಗಿದರೆ ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮ್ ಸಿಗುವುದಿಲ್ಲ. ನೀರಿನಲ್ಲಿ ಆಫ್ ಆದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದರೆ ಆ ಕವರ್ ಇದ್ದೂ ಜಗಳ ಆಗುತ್ತದೆ.

ಈಗ ಸಾಕುವ ಖರ್ಚು. ಇದರ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಬೆಂಗಳೂರಿನವರ ಲೆಕ್ಕ ನಮಗೆ ಸರಿಹೊಂದುವುದಿಲ್ಲ. ಪೋರ್ಷೆಯ ಅಧಿಕೃತ ಸರ್ವಿಸ್ ನಮಗೆ ಒಂದೋ ಬೆಂಗಳೂರು, ಇಲ್ಲದಿದ್ದರೆ ಕೊಚ್ಚಿ. ಬೆಂಗಳೂರು ಮಂಗಳೂರಿನಿಂದಲೇ 350 ಕಿ.ಮೀ. ಕಾರು ಓಡುವ ಸ್ಥಿತಿಯಲ್ಲಿದ್ದರೆ ಶಿರಾಡಿ ಘಾಟಿ ಹತ್ತಿ ಹೋಗಬಹುದು. ಎಚ್ಚರಿಕೆ ದೀಪ ಹತ್ತಿ ನಿಂತರೆ ಫ್ಲಾಟ್‌ಬೆಡ್ ಲಾರಿಯಲ್ಲೇ ಹೋಗಬೇಕು. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ಅದೂ ಇಲ್ಲ. ಆಯಿಲ್, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಕೆಲಸಕ್ಕೆ ಮಂಗಳೂರಿನಲ್ಲೇ ಜರ್ಮನ್ ಕಾರುಗಳ ಒಳ್ಳೆಯ ಮೆಕ್ಯಾನಿಕ್‌ಗಳಿದ್ದಾರೆ, ನನ್ನ ಕಾರಿಗೂ ಅವರೇ. ಆದರೆ ಪಿಡಿಕೆ, ಅಂದರೆ ಪೋರ್ಷೆಯ ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಏನಾದರೂ ಕೇಳಿದರೆ ಪೋರ್ಷೆಯ ಪಿವಿಸ್ ಎನ್ನುವ ಡಯಾಗ್ನೋಸ್ಟಿಕ್ ಉಪಕರಣ ಬೇಕು.

911ರ ರೇಡಿಯೇಟರ್ ಮತ್ತು ಎಸಿ ಕಂಡೆನ್ಸರ್‌ಗಳು ಮುಂದಿನ ಬಂಪರ್ ಒಳಗೆ, ಚಕ್ರಗಳ ಮುಂದೆ ಇರುತ್ತವೆ. ಗಾಳಿ ಒಳಗೆ ಹೋಗುವ ಬಾಯಿಯಲ್ಲೇ ತರಗೆಲೆ, ಕೆಂಪು ಮಣ್ಣು ಸೇರಿಕೊಳ್ಳುತ್ತದೆ. ಅದಕ್ಕೆ ಮಳೆ ನೀರು, ಕಡಲ ಗಾಳಿಯ ಉಪ್ಪು ಸೇರಿದರೆ ಅಲ್ಯೂಮಿನಿಯಂ ತಿಂದುಹೋಗಿ ಲೀಕ್ ಶುರು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಮತ್ತು ಮುಗಿದ ಮೇಲೆ ಬಂಪರ್ ಬಿಚ್ಚಿ ತೊಳೆಸಿ. ಇದಕ್ಕೆ ಕೆಲವು ಸಾವಿರ ಸಾಕು, ಬಿಟ್ಟರೆ ಲಕ್ಷದ ಮಾತು. ಮಲ್ಪೆ, ಪಣಂಬೂರು ಬೀಚಿಗೆ ಹೋಗಿ ಬಂದ ದಿನ ಅಡಿಭಾಗಕ್ಕೂ ಸಿಹಿನೀರು ಹೊಡೆಯಿರಿ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜೋರು ಮಳೆಯ ತುಳು ತಿಂಗಳು) ಕಾರು ಹೊರಗೆ ತೆಗೆಯುವುದೇ ಕಡಿಮೆ. ನಿಂತ ಕಾರಿಗೂ ಖರ್ಚು ಇದೆ. ಬ್ಯಾಟರಿ ಇಳಿಯುತ್ತದೆ, ಅದಕ್ಕೆ ಬ್ಯಾಟರಿ ಮೇಂಟೇನರ್ (ಚಾರ್ಜ್ ಇಳಿಯದಂತೆ ನೋಡುವ ಸಣ್ಣ ಚಾರ್ಜರ್) ಸದಾ ಹಾಕಿರಬೇಕು. ಲೆದರ್ ಸೀಟಿಗೆ ಬೂಷ್ಟು ಹಿಡಿಯುತ್ತದೆ. ಇಲಿ ವೈರ್ ಕಡಿಯುತ್ತದೆ, ಇದು ನಮ್ಮ ಕಡೆ ದೊಡ್ಡ ಕಾಟ. ಬಂಕಿನಲ್ಲಿ ಈಗ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. 2014ರ ಕಾರು ಅದಕ್ಕಂತ ಮಾಡಿದ್ದಲ್ಲ. ಎಥನಾಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ಹಾಗಾಗಿ ಹಳೆಯ ಪೆಟ್ರೋಲ್ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಡಬೇಡಿ. ಮಳೆ ಬಿಟ್ಟ ದಿನ ಒಂದು ಗಂಟೆಯಾದರೂ ಚೆನ್ನಾಗಿ ಬಿಸಿಯಾಗುವಂತೆ ಓಡಿಸಿ. ಸುಮ್ನೆ ಅಂಗಳದಲ್ಲಿ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಉಪಯೋಗ ಇಲ್ಲ, ಎಂಜಿನ್ ಒಳಗೆ ತೇವ ಉಳಿದು ಕೆಡುಕೇ ಜಾಸ್ತಿ.

ಟೈರ್ ಬಗ್ಗೆ. ಹಿಂದಿನ ಟೈರ್ ಮುಂದಿನದಕ್ಕಿಂತ ಅಗಲ, ಹಾಗಾಗಿ ಹಿಂದೆ ಮುಂದೆ ಬದಲಾಯಿಸಿ ಆಯುಸ್ಸು ಎಳೆಯಲು ಆಗುವುದಿಲ್ಲ. ಪೋರ್ಷೆ ಒಪ್ಪಿದ ಟೈರಿನ ಬದಿಯಲ್ಲಿ 'ಎನ್' ಗುರುತು ಇರುತ್ತದೆ. ನಾಲ್ಕಕ್ಕೆ ಎರಡು ಲಕ್ಷದ ಆಸುಪಾಸು ಇಟ್ಟುಕೊಳ್ಳಿ. ಹೆದ್ದಾರಿ 66ರ ಹೊಂಡಕ್ಕೆ ಒಂದು ಇಳಿದರೆ ಟೈರ್ ಜೊತೆ ರಿಮ್ ಕೂಡ ಹೋಗಬಹುದು. ಕಾರು ನೋಡುವಾಗ ಟೈರಿನ ಬದಿಯ ನಾಲ್ಕು ಅಂಕೆ ಓದಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಚ್ಚು ಎಷ್ಟೇ ಚೆನ್ನಾಗಿದ್ದರೂ ಅದು ಬದಲಾಯಿಸಬೇಕಾದ ಟೈರ್, ಬೆಲೆಯಲ್ಲಿ ಅಷ್ಟು ಇಳಿಸಿ ಕೇಳಿ.

ಗಲ್ಲಾರ್ಡೋ ಬೇಡ. ನನ್ನ ಮಾತು ಗಟ್ಟಿಯಾಗಿಯೇ ಇದೆ. ಇಲ್ಲಿ ಸಿಗುವ ಹೆಚ್ಚಿನವು ಇ-ಗೇರ್ ಇರುವಂಥವು. ಪೆಡಲ್ ಎರಡೇ ಇದ್ದರೂ ಒಳಗಿರುವುದು ಒಂದೇ ಕ್ಲಚ್‌ನ ಮ್ಯಾನುವಲ್ ಗೇರ್‌ಬಾಕ್ಸ್, ಕ್ಲಚ್ ಒತ್ತುವ ಕೆಲಸ ಯಂತ್ರದ್ದು. ಟ್ರಾಫಿಕ್‌ನಲ್ಲಿ ಏರು ರಸ್ತೆಯಲ್ಲಿ ತೆವಳಿದರೆ, ಏರಿನ ಪಾರ್ಕಿಂಗ್‌ಗೆ ರಿವರ್ಸ್ ಹಾಕಿದರೆ ಕ್ಲಚ್ ಸವೆಯುತ್ತದೆ. ಮಂಗಳೂರು, ಮಣಿಪಾಲದಲ್ಲಿ ಏರಿಳಿತ ಇಲ್ಲದ ರಸ್ತೆ ಎಲ್ಲಿದೆ ಮಾರಾಯ್ರೇ? ಕ್ಲಚ್ ಬದಲಾವಣೆ ಅಂದರೆ ಕೆಲವು ಲಕ್ಷ.

ನಾನು ತಿಂಗಳಿಗೆ 40 ಸಾವಿರ ಕಾರಿನ ಹೆಸರಿನಲ್ಲಿ ಬೇರೆ ಖಾತೆಗೆ ಹಾಕುತ್ತೇನೆ. ಪೆಟ್ರೋಲ್ ಅದರಲ್ಲಿ ಸೇರಿಲ್ಲ. ಕೆಲವು ವರ್ಷ ದುಡ್ಡು ಉಳಿಯುತ್ತದೆ, ಕೆಲವು ವರ್ಷ ಒಂದೇ ಬಿಲ್ಲಿಗೆ ಖಾಲಿ. ನಿಮ್ಮ 911ಕ್ಕೆ 50 ಸಾವಿರ ಹಿಡಿಯಿರಿ. 1.40 ಲಕ್ಷ ಕಂತಿನ ಜೊತೆ ಸೇರಿದರೆ ತಿಂಗಳಿಗೆ 1.90 ಲಕ್ಷ, 5 ವರ್ಷ. ಇನ್ಶೂರೆನ್ಸ್ ಬೇರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. 20 ಲಕ್ಷದಲ್ಲಿ 10 ಲಕ್ಷ ರಿಪೇರಿಗೆ ಮತ್ತು ಟ್ಯಾಕ್ಸಿಗೆ ಎತ್ತಿಟ್ಟು, ಉಳಿದ 10ಕ್ಕೆ 30 ಲಕ್ಷ ಸಾಲ ಸೇರಿಸಿ, 3 ವರ್ಷದಲ್ಲಿ ತೀರಿಸುವುದು. 14 ಪರ್ಸೆಂಟಿನಲ್ಲೂ ಕಂತು ಸುಮಾರು 1.03 ಲಕ್ಷ, ಒಟ್ಟು ಬಡ್ಡಿ 7 ಲಕ್ಷದೊಳಗೆ. 40 ಲಕ್ಷಕ್ಕೆ 911 ಬರುವುದಿಲ್ಲ, ಹಳೆಯ ಕೇಮನ್ ಅಥವಾ ಬಾಕ್ಸ್‌ಟರ್ ಹುಡುಕಬೇಕು, ಕಾಯಬೇಕು. ಎಂಜಿನ್ ನಡುವಿನಲ್ಲಿರುವ ಆ ಕಾರು ಆಗುಂಬೆಯ ತಿರುವುಗಳಲ್ಲಿ ಕೊಡುವ ಖುಷಿ 911ಕ್ಕಿಂತ ಕಡಿಮೆ ಅಂತ ನನಗೆ ಒಂದು ದಿನವೂ ಅನಿಸಿಲ್ಲ.

911 ಬೇಕೇ ಬೇಕು ಅಂತಾದರೆ ಟೋಕನ್ ಕೊಡುವ ಮೊದಲು ದೆಹಲಿಯ ಪೋರ್ಷೆ ವರ್ಕ್‌ಶಾಪಿನಲ್ಲೇ ತಪಾಸಣೆ ಮಾಡಿಸಿ. ಎಂಜಿನ್ ಕಂಪ್ಯೂಟರಿನಿಂದ ಎಷ್ಟು ಗಂಟೆ ಓಡಿದೆ ಅನ್ನುವ ಲೆಕ್ಕ ತೆಗೆಸಿ, ಮೀಟರಿನ ಕಿಲೋಮೀಟರಿಗೆ ತಾಳೆ ನೋಡಿ. ಗಂಟೆಗೆ 15 ಕಿ.ಮೀ. ಸರಾಸರಿ ಬಂದರೆ ಮೀಟರ್ ತಿರುಗಿಸಿರಬಹುದು ಅಂತ ಅನುಮಾನ ಪಡಬೇಕು. ಮಾರುವವರು ತಪಾಸಣೆಗೆ ಒಪ್ಪದಿದ್ದರೆ ಆ ಕಾರು ಬಿಟ್ಟುಬಿಡಿ. ರಿಪೋರ್ಟ್ ಸಿಕ್ಕಿದ ಮೇಲೆ ಅದರಲ್ಲಿರುವ ಚಾಸಿ ನಂಬರ್ ಮರೆಮಾಡಿ ಇಲ್ಲೇ ಹಾಕಿ, ಕೂತು ನೋಡಿ ಹೇಳುತ್ತೇನೆ.