ವೈಜ್ಞಾನಿಕ ಕಥೆಯ ಟಿವಿ ಸರಣಿ ‘ಸ್ಟಾರ್ ಟ್ರೆಕ್’ನ ‘ದಿ ಇನ್ನರ್ ಲೈಟ್’ ಕಂತು ಇಂದಿಗೂ ಯಾಕೆ ಅಷ್ಟು ಕಾಡುತ್ತದೆ?

ಯುದ್ಧವಿಲ್ಲ, ಖಳನಿಲ್ಲ, ಒಂದು ಇಡೀ ಬದುಕು ಮಾತ್ರ ಇದೆ, ಅದಕ್ಕೇ. ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ ಸರಣಿಯ 5ನೇ ಸೀಸನ್ನಿನ ಈ ಕಂತು 1992ರ ಜೂನ್‌ನಲ್ಲಿ ಪ್ರಸಾರವಾಯಿತು, ಮರುವರ್ಷ ವೈಜ್ಞಾನಿಕ ಕಥಾಲೋಕದ ಹ್ಯೂಗೋ ಪ್ರಶಸ್ತಿ ಗೆದ್ದಿತು.

ಅಪರಿಚಿತ ಶೋಧನೌಕೆಯೊಂದರ ಕಿರಣ ತಾಗಿ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಪಿಕಾರ್ಡ್ ಕುಸಿಯುತ್ತಾನೆ. ಹಡಗಿನಲ್ಲಿ ಕಳೆಯುವುದು ಸುಮಾರು 25 ನಿಮಿಷ. ಅವನಿಗೋ ಅದು ಕಟಾನ್ ಗ್ರಹದಲ್ಲಿ ಕಾಮಿನ್ ಎಂಬ ಹೆಸರಿನ ದಶಕಗಳ ಬಾಳು: ಹೆಂಡತಿ, ಮಕ್ಕಳು, ಮೊಮ್ಮಗ, ವರ್ಷವರ್ಷಕ್ಕೂ ಬಿಗಡಾಯಿಸುವ ಬರ. ಬರಹಗಾರರ ಜಾಣ್ಮೆ ಇಲ್ಲೇ ಇದೆ: ಅವನು ಆ ಊರನ್ನು ತಕ್ಷಣ ಒಪ್ಪುವುದಿಲ್ಲ. ಐದು ವರ್ಷವಾದರೂ ಹಿಂದಿರುಗುವ ದಾರಿ ಹುಡುಕುತ್ತಲೇ ಇರುತ್ತಾನೆ. ಹಾಗಾಗಿ ಕೊನೆಗೆ ಮಗುವಿನ ಕೋಣೆ ಕಟ್ಟೋಣವೆಂದು ಹೆಂಡತಿಗೆ ಹೇಳಿದಾಗ ಆ ಒಂದೇ ಮಾತಿಗೆ ಅಷ್ಟು ತೂಕ ಬರುತ್ತದೆ.

ಕಟಾನ್‌ನ ಜನ ಅಳಿದು ಸಾವಿರ ವರ್ಷವಾಗಿದೆ. ತಮ್ಮ ನೆನಪು ಉಳಿಯಲೆಂದೇ ಆ ಶೋಧನೌಕೆ ಹಾರಿಸಿದ್ದರು. ಅದರೊಳಗೆ ಸಿಕ್ಕಿದ್ದು ಪುಟ್ಟ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಕಾಮಿನ್ ನುಡಿಸುತ್ತಿದ್ದ ಕೊಳಲು. ಕೊನೆಯ ದೃಶ್ಯದಲ್ಲಿ ಪಿಕಾರ್ಡ್ ಅದನ್ನು ಎದೆಗವಚಿಕೊಂಡು, ಮಾತಿಲ್ಲದೆ ನುಡಿಸುತ್ತಾನೆ. ಸಂಗೀತ ಸಂಯೋಜಕ ಜೇ ಚಾಟವೇ ಅವರ ಆ ರಾಗ ತೀರಾ ಸರಳ. ಸಂಭಾಷಣೆ ಸೇರಿಸಿದ್ದರೆ ಕೆಡುತ್ತಿತ್ತು.

ಸರಣಿ ಗೊತ್ತಿಲ್ಲದವರೂ ನೇರವಾಗಿ ನೋಡಬಹುದು. ಆಮೇಲೆ 6ನೇ ಸೀಸನ್ನಿನ ‘ಲೆಸನ್ಸ್’ ನೋಡಿ, ಕೊಳಲು ಮತ್ತೆ ಬರುತ್ತದೆ.